ಮಿತಭಾಷೆಯೂ ಮಾತಿನ ಹೊಣೆಯೂ

‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ವಿರಳ. ‘ಬಾಯಿದ್ದವನು ಬರಗಾಲದಲ್ಲಿಯೂ ಬದುಕಿದ’ ಎಂಬುದೂ ನಮ್ಮ ಹಿರಿಯರದೇ ಮಾತು. ಒಂದು ಗಾದೆಯು ಬಾಯಿ ಮುಚ್ಚೆನ್ನುತ್ತದೆ. ಇನ್ನೊಂದು ಬಾಯಿ ತೆರೆಯೆನ್ನುತ್ತದೆ. ಇವೆರಡರಲ್ಲಿ ಯಾವುದನ್ನು ಅನುಸರಿಸತಕ್ಕದ್ದು ಎಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ಏನು ಹೇಳೋಣ? ನಿಜವಾಗಿ ನೋಡಿದರೆ ಈ ಗಾದೆಗಳಲ್ಲಿ ವಿರೋಧವಿಲ್ಲ. ಅವು ಸಲ್ಲುವ ಸಂದರ್ಭಗಳು ಬೇರೆ ಬೇರೆ. ಎಲ್ಲಿ ಮೌನವು ಭೂಷಣ, ಎಲ್ಲಿ ಅದು ಕರ್ತವ್ಯಲೋಪ ಎಂಬುದನ್ನು ನಮ್ಮ ಮಕ್ಕಳೊಡನೆಯೂ ಅವರ ತಂದೆತಾಯಂದಿರೊಡನೆಯೂ ಕೂಡಿ ವಿಚಾರಿಸುವುದೇ ಈ ಪಾಠದ ಉದ್ದೇಶ.

ಪ್ರತಿಯೊಂದು ತರಗತಿಯಲ್ಲಿಯೂ ಪ್ರಶ್ನೆ ಕೇಳಿದೊಡನೆ ಕೈಯೆತ್ತುವವರು ನಾಲ್ಕಾರು ಮಂದಿ ಇರುತ್ತಾರೆ. ಉಳಿದವರಿಗೆ ಉತ್ತರ ತಿಳಿಯದೆಂದು ಭಾವಿಸುವುದು ತಪ್ಪು. ಉತ್ತರಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆಯುವ ಬಾಲಕಿಯು ಅದೇ ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಕೇಳಿದಾಗ ತಲೆ ತಗ್ಗಿಸಿ ನಿಲ್ಲುತ್ತಾಳೆ. ‘ನಮ್ಮ ಹುಡುಗ ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ, ಶಾಲೆಯಲ್ಲಿ ಮಾತ್ರ ಮೂಗ’ ಎಂದು ಹೇಳುವ ತಾಯಂದಿರನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಆದುದರಿಂದ ಇದು ವಿಚಾರಯೋಗ್ಯವಾದ ವಿಷಯ.

೧. ಮೂರು ಬಗೆಯ ಮೌನ

ಹೊರಗಿನಿಂದ ನೋಡುವವರಿಗೆ ಮೌನವೆಲ್ಲ ಒಂದೇ ತೆರನಾಗಿ ಕಾಣುವುದು. ಒಳಗೆ ಅದು ಮೂರು ಬಗೆಯಾಗಿರುವುದುಂಟು.

ಮೊದಲನೆಯದು ಸ್ವಭಾವದ ಮೌನ. ಕೆಲವರು ಹುಟ್ಟಿನಿಂದಲೇ ಮಿತಭಾಷಿಗಳು. ಬಹಳ ಜನರ ನಡುವೆ ಇದ್ದರೆ ಬಳಲುತ್ತಾರೆ. ಒಬ್ಬರೇ ಇದ್ದಾಗ, ಇಲ್ಲವೇ ಆಪ್ತರಾದ ಒಬ್ಬಿಬ್ಬರೊಡನೆ ಇದ್ದಾಗ ಅವರಿಗೆ ನೆಮ್ಮದಿ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಎಂಬವರು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯರ ಸ್ವಭಾವವನ್ನು ಅಂತರ್ಮುಖಿ, ಬಹಿರ್ಮುಖಿ ಎಂದು ವಿಂಗಡಿಸಿ ವಿವರಿಸಿದರು. ಅಂತರ್ಮುಖಿಯಾಗಿರುವುದು ರೋಗವಲ್ಲ, ಕೊರತೆಯೂ ಅಲ್ಲ. ಕೇಳಿ, ತೂಗಿ, ಆಮೇಲೆ ನಾಲ್ಕು ಮಾತು ಆಡುವವನು ಯಾವ ಸಭೆಗೂ ಬೇಕಾದವನೇ.

ಎರಡನೆಯದು ಸಂಕಲ್ಪದ ಮೌನ. ತನಗೆ ಸಲ್ಲದೆಂದು ತೋರಿದ ಮಾತನ್ನು ಆಡದಿರುವುದು, ಇತರರ ಗುಟ್ಟನ್ನು ಕಾಯುವುದು, ಕೋಪ ಬಂದಾಗ ತುಟಿ ಬಿಗಿಹಿಡಿಯುವುದು, ಇವೆಲ್ಲ ಈ ವರ್ಗಕ್ಕೆ ಸೇರಿದುವು. ಇಂತಹ ಮೌನಕ್ಕೆ ನಮ್ಮ ದೇಶದ ಕಾನೂನು ಕೂಡ ಮನ್ನಣೆ ಕೊಟ್ಟಿದೆ. ನಮ್ಮ ಕೇರಳ ರಾಜ್ಯದ ಮೂವರು ಶಾಲಾಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದುನಿಲ್ಲುತ್ತಿದ್ದರೂ ತಮ್ಮ ಧರ್ಮಶ್ರದ್ಧೆಯ ಕಾರಣದಿಂದ ಹಾಡುತ್ತಿರಲಿಲ್ಲ. ಅದಕ್ಕಾಗಿ ಅವರನ್ನು ಶಾಲೆಯಿಂದ ಹೊರಗಿಡಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಮಾತನಾಡುವ ಸ್ವಾತಂತ್ರ್ಯದೊಳಗೆ ಸುಮ್ಮನಿರುವ ಸ್ವಾತಂತ್ರ್ಯವೂ ಅಡಗಿದೆಯೆಂಬುದು ಆ ತೀರ್ಪಿನ ಸಾರ.

ಮೂರನೆಯದು ಅಂಜಿಕೆಯ ಮೌನ. ಹೇಳಬೇಕೆಂಬ ಆಸೆಯಿದೆ, ಹೇಳತಕ್ಕ ವಿಷಯವೂ ಇದೆ. ಆದರೆ ‘ತಪ್ಪಾದರೆ ನಕ್ಕಾರು’ ಎಂಬ ಭಯವು ನಾಲಗೆಯನ್ನು ಕಟ್ಟಿಹಾಕುತ್ತದೆ. ಎದೆ ಬಡಿದುಕೊಳ್ಳುತ್ತದೆ, ಗಂಟಲು ಒಣಗುತ್ತದೆ. ಇದಕ್ಕೆ ಸಭಾಕಂಪವೆಂಬ ಹೆಸರು ಹಿಂದಿನಿಂದಲೂ ಉಂಟು. ಮೊದಲ ಎರಡು ಬಗೆಯ ಮೌನಗಳಲ್ಲಿ ಮನುಷ್ಯನು ಮೌನದ ಒಡೆಯ. ಮೂರನೆಯದರಲ್ಲಿ ಅವನು ಅದರ ಸೆರೆಯಾಳು. ಬಿಡಿಸಬೇಕಾದುದು ಈ ಸೆರೆಯನ್ನು ಮಾತ್ರ.

೨. ನಮ್ಮೂರಿನ ವಿಶೇಷ ಕಾರಣ

ಅಂಜಿಕೆಯ ಮೌನವು ಎಲ್ಲ ಊರುಗಳಲ್ಲಿಯೂ ಇದೆ. ಆದರೆ ಮೊಗ್ರಾಲಿನಂತಹ ಊರಿನಲ್ಲಿ ಅದಕ್ಕೆ ಒಂದು ವಿಶೇಷ ಕಾರಣವೂ ಸೇರಿಕೊಂಡಿದೆ. ಕಾಸರಗೋಡನ್ನು ಸಪ್ತಭಾಷೆಗಳ ನೆಲವೆಂದು ಕರೆಯುವುದು ವಾಡಿಕೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಇವೆಲ್ಲ ಇಲ್ಲಿನ ಮನೆಮಾತುಗಳು. ನಮ್ಮ ಕನ್ನಡ ತರಗತಿಯಲ್ಲಿ ಕುಳಿತ ಮಗುವು ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡಿ ಬಂದಿರುತ್ತದೆ. ಪುಸ್ತಕದಲ್ಲಿ ಕಾಣುವ ಗ್ರಂಥಸ್ಥ ಕನ್ನಡವಾದರೋ ಬೀದಿಯಲ್ಲಿ ಕೇಳಿಬರುವ ಕನ್ನಡವೂ ಅಲ್ಲ. 1956ರ ನವೆಂಬರ 1ರಂದು ಈ ಪ್ರದೇಶವು ಕೇರಳ ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಮಾತು ಕ್ರಮೇಣ ಮಲಯಾಳವಾಯಿತು. ಹೀಗೆ ಒಂದು ಮಗುವು ಒಂದೇ ದಿನದಲ್ಲಿ ಮೂರು ಭಾಷೆಗಳ ಹೊಸ್ತಿಲು ದಾಟಬೇಕಾಗಿದೆ. ಪ್ರತಿಯೊಂದು ಹೊಸ್ತಿಲಿನಲ್ಲಿಯೂ ಅದು ಒಂದು ಕ್ಷಣ ತಡೆದು ನಿಂತರೆ ಅದರಲ್ಲಿ ಆಶ್ಚರ್ಯವೇನು?

ಒಂದು ಉದಾಹರಣೆಯನ್ನು ನೋಡೋಣ. ಮಳೆಗಾಲದ ವಿಷಯವಾಗಿ ಪಾಠ ನಡೆಯುತ್ತಿರುವಾಗ ತುಳು ಮನೆಮಾತಿನ ಹುಡುಗನು ‘ಹೊಳೆಯಲ್ಲಿ ಬೊಳ್ಳ ಬಂತು’ ಎನ್ನುತ್ತಾನೆ. ಹಿಂದಿನ ಸಾಲಿನಲ್ಲಿ ಒಬ್ಬನು ನಕ್ಕನೆಂದರೆ ಆ ಹುಡುಗನು ವಾರವಿಡೀ ಬಾಯಿ ತೆರೆಯಲಾರನು. ಆದರೆ ತುಳುವಿನ ‘ಬೊಳ್ಳ’ವೂ ಮಲಯಾಳದ ‘ವೆಳ್ಳ’ವೂ ಒಂದೇ ದ್ರಾವಿಡ ಮೂಲದಿಂದ ಬಂದ ಮಾತುಗಳು, ಒಂದಕ್ಕೆ ನೆರೆಯೆಂದು ಅರ್ಥ, ಇನ್ನೊಂದಕ್ಕೆ ನೀರೆಂದು ಅರ್ಥ. ಇದನ್ನು ಅಧ್ಯಾಪಕರು ಅಲ್ಲಿಯೇ ಹೇಳಿ, ‘ನೆರೆ’, ‘ಪ್ರವಾಹ’ ಎಂಬ ಕನ್ನಡ ಪದಗಳನ್ನು ಅದರ ಪಕ್ಕದಲ್ಲಿ ಬರೆದರೆ ನಗಬೇಕಾದ ಸ್ಥಳದಲ್ಲಿ ಪಾಠವೊಂದು ಹುಟ್ಟುವುದು. ಮನೆಮಾತಿನ ಪದವನ್ನು ಆಡಿದ ಮಗುವು ಅಪರಾಧಿಯಲ್ಲ. ಅದು ತರಗತಿಗೆ ಒಂದು ಪದವನ್ನು ದಾನ ಮಾಡಿದಂತೆಯೇ ಸರಿ.

೩. ಮಾತು ಬಾರದ ಬ್ಯಾರಿಸ್ಟರು

ಅಂಜಿಕೆಯ ಮೌನವನ್ನು ಗೆಲ್ಲುವುದು ಸಾಧ್ಯವೇ? ಈ ಪ್ರಶ್ನೆಗೆ ಮಹಾತ್ಮಾ ಗಾಂಧಿಯವರ ಬಾಳಿಗಿಂತ ಉತ್ತಮವಾದ ಉತ್ತರವಿಲ್ಲ. ತಮ್ಮ ಆತ್ಮಕಥೆಯಲ್ಲಿ ಅವರು ಇದನ್ನು ಮುಚ್ಚುಮರೆಯಿಲ್ಲದೆ ಬರೆದಿರುವರು. ಬಾಲ್ಯದಲ್ಲಿ ಶಾಲೆ ಬಿಟ್ಟೊಡನೆ, ಯಾರಾದರೂ ಮಾತನಾಡಿಸಿ ಗೇಲಿ ಮಾಡಿಯಾರೆಂಬ ಭಯದಿಂದ, ಅವರು ಮನೆಗೆ ಓಡಿಬಿಡುತ್ತಿದ್ದರಂತೆ.

ಲಂಡನ್ನಿನಲ್ಲಿ ಕಾನೂನು ಕಲಿಯುತ್ತಿದ್ದಾಗ ಅವರು ಅಲ್ಲಿನ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರಾಗಿದ್ದರು. ಸಂಘದ ಅಧ್ಯಕ್ಷರ ಅಭಿಪ್ರಾಯಕ್ಕೆ ವಿರುದ್ಧವಾದ ಅಭಿಪ್ರಾಯವನ್ನು ಹೊಂದಿದ್ದ ಡಾಕ್ಟರ್ ಆಲಿನ್‌ಸನ್ ಎಂಬವರನ್ನು ಸಂಘದಿಂದ ತೆಗೆದುಹಾಕಬೇಕೆಂಬ ಸೂಚನೆ ಬಂದಿತು. ಆಲಿನ್‌ಸನ್ನರ ಮತವು ಗಾಂಧಿಯವರಿಗೂ ಒಪ್ಪಿಗೆಯಾಗಿರಲಿಲ್ಲ. ಆದರೆ ಭಿನ್ನಮತವಿರುವುದಕ್ಕಾಗಿ ಒಬ್ಬನನ್ನು ಹೊರದೂಡುವುದು ಅನ್ಯಾಯವೆಂದು ಅವರ ಅಂತಃಕರಣ ಹೇಳಿತು. ಸುಮ್ಮನೆ ಕುಳಿತು ಮತ ಕೊಟ್ಟರೆ ಸಾಲದೆಂದು ತಮ್ಮ ವಿಚಾರವನ್ನು ಕಾಗದದಲ್ಲಿ ಬರೆದುಕೊಂಡು ಹೋದರು. ಅದನ್ನು ಓದುವ ಧೈರ್ಯವೂ ಬರಲಿಲ್ಲ. ಅಧ್ಯಕ್ಷರು ಇನ್ನೊಬ್ಬರಿಂದ ಓದಿಸಿದರು. ಗಾಂಧಿಯವರ ಪಕ್ಷಕ್ಕೆ ಅಂದು ಸೋಲಾಯಿತು. ಆದರೆ ಅವರ ಅಭಿಪ್ರಾಯವು ಸಭೆಯ ಮುಂದೆ ಬಂದಿತ್ತು. ಬಾಯಿಯಿಂದ ಹೇಳಲಾರದವನು ಬರೆದಾದರೂ ಹೇಳಬಹುದೆಂಬುದನ್ನು ಮಕ್ಕಳು ಇಲ್ಲಿ ಗಮನಿಸತಕ್ಕದ್ದು.

ಬ್ಯಾರಿಸ್ಟರಾಗಿ ಮರಳಿದ ಮೇಲೆ ಮುಂಬಯಿಯ ಸಣ್ಣ ಮೊಕದ್ದಮೆಗಳ ನ್ಯಾಯಾಲಯದಲ್ಲಿ ಅವರು ತಮ್ಮ ಮೊದಲನೆಯ ದಾವೆಯನ್ನು ಹಿಡಿದರು. ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತಾಗ ತಲೆ ತಿರುಗಿದಂತಾಗಿ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು, ಪಡೆದ 30 ರೂಪಾಯಿ ಶುಲ್ಕವನ್ನು ಹಿಂದಿರುಗಿಸಿದರು. ಇದೇ ಮನುಷ್ಯರು 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯ ನಗರದಲ್ಲಿ ಭಾರತೀಯರ ಸಭೆಯನ್ನು ಕರೆದು ಭಾಷಣ ಮಾಡಿದರು. ಅದು ತಮ್ಮ ಬಾಳಿನ ಮೊದಲನೆಯ ಸಾರ್ವಜನಿಕ ಭಾಷಣವೆಂದು ಅವರು ಹೇಳಿರುವರು.

ಎರಡು ವರ್ಷಗಳ ಅಂತರದಲ್ಲಿ ಬದಲಾದುದೇನು? ನಾಲಗೆಯಲ್ಲ. ನ್ಯಾಯಾಲಯದಲ್ಲಿ ನಿಂತವನ ಮನಸ್ಸೆಲ್ಲ ‘ನಾನು ಹೇಗೆ ಕಾಣುತ್ತೇನೆ’ ಎಂಬುದರ ಮೇಲಿತ್ತು. ಪ್ರಿಟೋರಿಯದಲ್ಲಿ ನಿಂತವನ ಮನಸ್ಸು ‘ಇವರ ಕಷ್ಟಕ್ಕೆ ಪರಿಹಾರವೇನು’ ಎಂಬುದರ ಮೇಲಿತ್ತು. ತನ್ನನ್ನು ಮರೆತವನಿಗೆ ಮಾತು ತಾನಾಗಿ ಒದಗುವುದು. ಹಾಗೆಂದು ಗಾಂಧಿಯವರು ವಾಚಾಳಿಯಾಗಲಿಲ್ಲ. ತಮ್ಮ ಸಂಕೋಚವೇ ತಮಗೆ ಮಾತಿನ ಮಿತವ್ಯಯವನ್ನು ಕಲಿಸಿತೆಂದು ಅವರು ಕೃತಜ್ಞತೆಯಿಂದಲೇ ನೆನೆದಿರುವರು. ಮಿತಭಾಷಿಯು ಮಿತಭಾಷಿಯಾಗಿಯೇ ಉಳಿದು ಹೊಣೆಯರಿತ ಮಾತುಗಾರನಾಗಬಹುದು.

೪. ತಾಳಮದ್ದಳೆಯ ಪಾಠ

ಇಷ್ಟು ದೂರ ಹೋಗದೆಯೂ, ಮಾತನ್ನು ಕಲಿಸುವ ಶಾಲೆಯೊಂದು ನಮ್ಮ ನೆರೆಯಲ್ಲಿಯೇ ಇದೆ. ರಾಮಾಯಣದ ಯಕ್ಷಗಾನ ಪ್ರಸಂಗಗಳನ್ನು ರಚಿಸಿದನೆಂದು ಪ್ರಸಿದ್ಧನಾದ ಪಾರ್ತಿಸುಬ್ಬನು ನೆರೆಯ ಕುಂಬಳೆಯವನು. ಆ ಯಕ್ಷಗಾನದ ಇನ್ನೊಂದು ರೂಪವೇ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆ ಪದದ ಅರ್ಥವನ್ನು ಆಗಿಂದಾಗಲೇ ತಮ್ಮ ಸ್ವಂತ ಮಾತಿನಲ್ಲಿ ಬೆಳೆಸುತ್ತಾರೆ. ಒಬ್ಬರು ರಾವಣನಾದರೆ ಇನ್ನೊಬ್ಬರು ಅಂಗದ. ಈ ಕಲೆಯಲ್ಲಿ ಹೆಸರಾಂತ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಕಾಸರಗೋಡಿನ ನೆಲದವರೇ. ಬಾಯಿಪಾಠ ಮಾಡಿ ಬಂದವನು ಅಲ್ಲಿ ಗೆಲ್ಲಲಾರನು. ಎದುರಾಳಿಯು ಏನು ಹೇಳಿದನೆಂದು ಕಿವಿಗೊಟ್ಟು ಕೇಳಿದವನೇ ಸರಿಯಾದ ಉತ್ತರ ಕೊಡಬಲ್ಲನು. ಆದುದರಿಂದ ಒಳ್ಳೆಯ ಅರ್ಥಧಾರಿಯು ಮೊದಲು ಒಳ್ಳೆಯ ಕೇಳುಗನಾಗಿರಬೇಕು. ಮಿತಭಾಷಿಗಳಾದ ಮಕ್ಕಳಿಗೆ ಈ ಅರ್ಧ ವಿದ್ಯೆಯು ಆಗಲೇ ಕೈಗೂಡಿದೆಯೆಂಬುದನ್ನು ಮರೆಯಬಾರದು.

ದ್ರೌಪದಿಯ ವಸ್ತ್ರಾಪಹಾರದ ಕಥೆಯನ್ನು ನಾವೆಲ್ಲರೂ ಆಟಕೂಟಗಳಲ್ಲಿ ನೋಡಿದ್ದೇವೆ, ಕೇಳಿದ್ದೇವೆ. ತನ್ನನ್ನು ತಾನು ಸೋತ ಮೇಲೆ ಧರ್ಮರಾಯನಿಗೆ ತನ್ನನ್ನು ಒತ್ತೆಯಿಡುವ ಅಧಿಕಾರವೆಲ್ಲಿತ್ತು ಎಂದು ದ್ರೌಪದಿಯು ತುಂಬಿದ ಸಭೆಯನ್ನು ಕೇಳುತ್ತಾಳೆ. ಭೀಷ್ಮರು ಧರ್ಮದ ಗತಿ ಸೂಕ್ಷ್ಮವೆನ್ನುತ್ತಾರೆ; ದ್ರೋಣ, ಕೃಪರಂತಹ ಆಚಾರ್ಯರ ಬಾಯಿಂದ ಮಾತಿಲ್ಲ. ಆಗ ಮಾತನಾಡಿದವನು ಧೃತರಾಷ್ಟ್ರನ ಮಕ್ಕಳಲ್ಲೊಬ್ಬನಾದ ವಿಕರ್ಣ. ಅವನು ಮೊದಲು ಹಿರಿಯರು ಉತ್ತರ ಹೇಳಲೆಂದು ಕಾದನು. ಯಾರೂ ಹೇಳದಿರಲು ತನಗೆ ತೋರಿದುದನ್ನು ಕಾರಣಸಹಿತವಾಗಿ ಮುಂದಿಟ್ಟನು: ಜೂಜಿನ ವ್ಯಸನದಲ್ಲಿ ಮುಳುಗಿದವನು ಮಾಡಿದ ಕಾರ್ಯವು ಪ್ರಮಾಣವಲ್ಲ, ದ್ರೌಪದಿಯು ಐವರಿಗೂ ಪತ್ನಿ, ಒಬ್ಬನ ಸೊತ್ತಲ್ಲ, ತನ್ನನ್ನು ಸೋತ ಮೇಲೆ ಆತನು ಅವಳನ್ನು ಒಡ್ಡಿದನು, ಅದೂ ಶಕುನಿಯ ಪ್ರೇರಣೆಯಿಂದ. ಆದುದರಿಂದ ಅವಳು ಸೋತವಳಲ್ಲವೆಂದು ಅವನು ನಿರ್ಣಯಿಸಿದನು. ‘ನೀನಿನ್ನೂ ಹುಡುಗ’ ಎಂಬ ಭಾವದಿಂದ ಕರ್ಣನು ಅವನನ್ನು ಗದರಿಸಿದನು.

ಈ ಕಥೆಯಲ್ಲಿ ವಿದ್ಯಾರ್ಥಿಗಳಿಗೆ ಎರಡು ಪಾಠಗಳಿವೆ. ಅಭಿಪ್ರಾಯ ಹೇಳುವ ಕ್ರಮವು ಒಂದು. ವಿಕರ್ಣನು ಕೂಗಾಡಲಿಲ್ಲ, ಯಾರನ್ನೂ ಹೀಯಾಳಿಸಲಿಲ್ಲ; ಕಾರಣಗಳನ್ನು ಒಂದೊಂದಾಗಿ ಎಣಿಸಿ ನಿರ್ಣಯ ಹೇಳಿದನು. ಎರಡನೆಯದು, ತಿಳಿದವರ ಮೌನಕ್ಕೆ ಬೆಲೆ ತೆರುವವರು ಬೇರೆಯವರು. ಆ ದಿನ ಹಿರಿಯರು ಸುಮ್ಮನಿದ್ದರು, ಕಷ್ಟವುಂಡವಳು ದ್ರೌಪದಿ.

೫. ಮುಚ್ಚಿಡಬಾರದ ಮಾತು

ಇದು ಪುರಾಣದ ಮಾತಾಯಿತು. ನಮ್ಮ ಜಿಲ್ಲೆಯಲ್ಲಿಯೇ, ನಮ್ಮ ಕಾಲದಲ್ಲಿಯೇ ನಡೆದ ಒಂದು ಸಂಗತಿಯನ್ನೂ ಮಕ್ಕಳು ತಿಳಿದಿರಬೇಕು. ಜಿಲ್ಲೆಯ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಗುತ್ತಿತ್ತು. ತೋಟಗಳ ತಪ್ಪಲಿನಲ್ಲಿ ಮನೆಗಳಿದ್ದುವು, ಬಾವಿಗಳಿದ್ದುವು, ತೋಡುಗಳಿದ್ದುವು. ಎಣ್ಮಕಜೆ ಪಂಚಾಯತಿನ ಪಡ್ರೆಯಂತಹ ಗ್ರಾಮಗಳಲ್ಲಿ ಅಂಗವಿಕಲತೆ, ಬುದ್ಧಿಮಾಂದ್ಯ, ಅಪಸ್ಮಾರ ಮುಂತಾದ ವ್ಯಾಧಿಗಳಿಂದ ನರಳುವ ಮಕ್ಕಳು ಮನೆಮನೆಗಳಲ್ಲಿ ಕಾಣಿಸಿಕೊಂಡರು. ಅನೇಕರು ಇದನ್ನು ದೈವದ ಮುನಿಸೆಂದು ನಂಬಿದರು. ಹೊರಗೆ ಹೇಳಿಕೊಳ್ಳಲು ನಾಚಿದರು. ಒಂದೊಂದು ಮನೆಯೂ ತನ್ನ ದುಃಖವು ತನ್ನದು ಮಾತ್ರವೆಂದು ಭಾವಿಸಿ ಬಾಗಿಲು ಮುಚ್ಚಿಕೊಂಡಿತು.

ಆ ಮೌನವನ್ನು ಮುರಿದವರು ದೊಡ್ಡ ಭಾಷಣಕಾರರಲ್ಲ. ಪಡ್ರೆಯವರೇ ಆದ ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು 1980ರ ಸುಮಾರಿಗೇ ಈ ಸಿಂಪಡಣೆಯ ವಿಷಯವಾಗಿ ಬರೆದರು. ಅಲ್ಲಿನ ವೈದ್ಯರಾದ ಡಾಕ್ಟರ್ ವೈ. ಎಸ್. ಮೋಹನಕುಮಾರರು ತಮ್ಮ ರೋಗಿಗಳಲ್ಲಿ ಕಂಡ ವ್ಯಾಧಿಗಳನ್ನು ಗಮನಿಸಿ, ಇಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟು ರೋಗಿಗಳೇಕೆ ಎಂಬ ಪ್ರಶ್ನೆಯನ್ನು ಇತರ ವೈದ್ಯರ ಮುಂದಿಟ್ಟರು. ಪೆರಿಯದಲ್ಲಿ ವಾಸಿಸುತ್ತಿದ್ದ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮನವರು ಸಿಂಪಡಣೆಯನ್ನು ತಡೆಯಬೇಕೆಂದು 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಒಬ್ಬರು ಬರೆದರು, ಒಬ್ಬರು ಪ್ರಶ್ನೆ ಕೇಳಿದರು, ಒಬ್ಬರು ಅರ್ಜಿ ಸಲ್ಲಿಸಿದರು. ಬಾಗಿಲು ಮುಚ್ಚಿದ್ದ ಮನೆಗಳು ಮೆಲ್ಲಮೆಲ್ಲನೆ ತಮ್ಮ ಕಥೆಯನ್ನು ಹೇಳತೊಡಗಿದುವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಈ ಔಷಧದ ಉತ್ಪಾದನೆಯನ್ನೂ ಮಾರಾಟವನ್ನೂ ಬಳಕೆಯನ್ನೂ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಮೊದಲನೆಯ ಬರಹಕ್ಕೂ ಈ ಆಜ್ಞೆಗಳಿಗೂ ನಡುವೆ ಮೂರು ದಶಕಗಳು ಕಳೆದಿದ್ದುವು. ಮಾತು ತಡವಾದಷ್ಟೂ ನೋವು ಬೆಳೆಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮಕ್ಕಳಿಗೆ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಯಾರಾದರೂ ನಿಮ್ಮನ್ನು ಹೊಡೆದು ಹಿಂಸಿಸಿದರೆ, ಸಲ್ಲದ ರೀತಿಯಲ್ಲಿ ಮೈಮುಟ್ಟಿದರೆ, ‘ಇದನ್ನು ಯಾರಿಗೂ ಹೇಳಬೇಡ’ ಎಂದು ಬೆದರಿಸಿದರೆ, ಆ ಗುಟ್ಟನ್ನು ಕಾಯುವ ಹೊಣೆ ನಿಮ್ಮದಲ್ಲ. ನಾಚಿಕೆಪಡಬೇಕಾದವರೂ ನೀವಲ್ಲ. ತಾಯಿಗೆ, ತಂದೆಗೆ, ಅಧ್ಯಾಪಕರಿಗೆ, ಯಾರ ಮೇಲೆ ನಂಬಿಕೆಯಿದೆಯೋ ಅವರಿಗೆ ಅಂದೇ ಹೇಳಿರಿ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿರಿ. 1098 ಎಂಬ ಸಂಖ್ಯೆಗೆ ಹಣವಿಲ್ಲದೆ ಹಗಲು ರಾತ್ರಿ ದೂರವಾಣಿ ಮಾಡಬಹುದು. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಪೋಕ್ಸೋ ಎಂಬ ವಿಶೇಷ ಕಾನೂನು ಆಗಿದೆ.

೬. ಪೌರನ ಮಾತು

ಇಂದಿನ ವಿದ್ಯಾರ್ಥಿಯೇ ನಾಳಿನ ಪೌರ. ಕಚೇರಿಯ ಕಿಟಕಿಯ ಮುಂದೆ ‘ನನಗೆ ಅವರ ಭಾಷೆ ಚೆನ್ನಾಗಿ ಬಾರದು’ ಎಂದು ಹಿಂಜರಿದು ಮರಳುವವರು ನಮ್ಮಲ್ಲಿ ಕಡಿಮೆಯಲ್ಲ. ನಮ್ಮ ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾರೇ ಆಗಲಿ ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಕೇರಳದ 1969ರ ಆಡಳಿತ ಭಾಷಾ ಕಾನೂನು ಕೂಡ ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಲು ಅವಕಾಶವಿತ್ತಿದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದ ಸಂದರ್ಭಗಳಲ್ಲಿ ನಮ್ಮ ಜಿಲ್ಲೆಯ ಮಕ್ಕಳೂ ತಂದೆತಾಯಂದಿರೂ ಧ್ವನಿಯೆತ್ತಿದುದನ್ನು ನಾವು ಬಲ್ಲೆವು. ಪಾಠವೇ ಅರ್ಥವಾಗದೆ ಸುಮ್ಮನೆ ಕುಳಿತಿರುವುದು ವಿನಯವಲ್ಲ. ಬರೆದಿಟ್ಟ ಹಕ್ಕು ತಾನಾಗಿ ಎದ್ದು ಬಂದು ಕೆಲಸ ಮಾಡದು. ಕೇಳುವವನ ಬಾಯಿಯಿಂದಲೇ ಅದಕ್ಕೆ ಜೀವ ಬರುವುದು. ಇದರೊಡನೆ ಮಲಯಾಳವನ್ನು ಕಲಿಯುವುದೂ ಜಾಣತನವೇ. ನೆರೆಯವನ ಮಾತನ್ನು ಬಲ್ಲವನಿಗೆ ಅಂಜಿಕೆಯು ಅರ್ಧ ಕಡಿಮೆಯಾಗುವುದು.

೭. ವಿದ್ಯಾರ್ಥಿಗಳಿಗೆ ಕೆಲವು ಅಭ್ಯಾಸಗಳು

(ಅ) ಈಜು ಕಲಿಯುವವನು ಮೊದಲ ದಿನವೇ ಕಡಲಿಗೆ ಇಳಿಯುವುದಿಲ್ಲ. ಮೊದಲು ಪಕ್ಕದ ಗೆಳೆಯನಿಗೆ ಉತ್ತರ ಹೇಳಿರಿ, ಆಮೇಲೆ ನಾಲ್ವರ ಗುಂಪಿನಲ್ಲಿ, ಆಮೇಲೆ ತರಗತಿಯಲ್ಲಿ.

(ಆ) ಹೇಳಬೇಕಾದುದನ್ನು ಮೊದಲು ಎರಡು ವಾಕ್ಯಗಳಲ್ಲಿ ಬರೆದುಕೊಳ್ಳಿರಿ. ಒಂದರಲ್ಲಿ ಅಭಿಪ್ರಾಯ, ಇನ್ನೊಂದರಲ್ಲಿ ಕಾರಣ.

(ಇ) ದಿನಕ್ಕೊಂದು ಪ್ರಶ್ನೆಯನ್ನಾದರೂ ಕೇಳಿರಿ. ಉತ್ತರ ಹೇಳುವುದಕ್ಕಿಂತ ಪ್ರಶ್ನೆ ಕೇಳುವುದು ಸುಲಭ. ಅದರಲ್ಲಿ ತಪ್ಪಾಗುವ ಭಯವಿಲ್ಲ.

(ಈ) ಕನ್ನಡ ಪದ ತೋಚದಿದ್ದರೆ ಮನೆಮಾತಿನ ಪದವನ್ನೇ ಆಡಿ, ಕನ್ನಡದಲ್ಲಿ ಏನನ್ನಬೇಕೆಂದು ಕೇಳಿರಿ.

(ಉ) ಮಾತುಗಾರರಾದ ಮಕ್ಕಳಿಗೂ ಒಂದು ನಿಯಮವಿದೆ. ಇನ್ನೊಬ್ಬನು ತೊದಲಿದಾಗ ನಗಬೇಡಿರಿ. ಅವನ ವಾಕ್ಯವನ್ನು ನೀವು ಮುಗಿಸಬೇಡಿರಿ.

೮. ತಂದೆತಾಯಂದಿರಿಗೆ

ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಎಂಬವರು 1970ರ ದಶಕದಲ್ಲಿ ತರಗತಿಗಳನ್ನು ಪರೀಕ್ಷಿಸಿ ಒಂದು ಸಂಗತಿಯನ್ನು ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಅಧ್ಯಾಪಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡುಗಳಿಗೆ ಏರಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದುವು. ಸುಮ್ಮನಿರುತ್ತಿದ್ದ ಮಕ್ಕಳೂ ಮಾತನಾಡತೊಡಗಿದರು. ಅಧ್ಯಾಪಕರಾದ ನಾವು ಪಾಲಿಸತಕ್ಕ ಈ ನಿಯಮವು ಮನೆಗೂ ಸಲ್ಲುವುದು. ಮಗುವನ್ನು ಕೇಳಿದ ಪ್ರಶ್ನೆಗೆ ನೀವೇ ಉತ್ತರ ಹೇಳಬೇಡಿರಿ, ಸ್ವಲ್ಪ ಕಾಯಿರಿ.

ನೆಂಟರ ಮುಂದೆ ‘ಇವನಿಗೆ ಮಾತು ಬಾರದು’, ‘ಇವಳು ಮುಗುಂ’ ಎಂದು ಹೆಸರಿಡಬೇಡಿರಿ. ಮಗುವು ಆ ಹೆಸರನ್ನೇ ನಿಜವೆಂದು ನಂಬಿ ಅದರಂತೆ ನಡೆಯುವುದು. ಮನೆಯ ವಿಷಯಗಳಲ್ಲಿ ‘ನಿನಗೇನು ತೋರುತ್ತದೆ?’ ಎಂದು ಕೇಳಿರಿ. ಹೇಳಿದ ಅಭಿಪ್ರಾಯವನ್ನು ಒಪ್ಪಲೇಬೇಕೆಂದಿಲ್ಲ. ಆದರೆ ನಗದೆ ಕೇಳಿ, ಒಪ್ಪದಿರುವುದಕ್ಕೆ ಕಾರಣ ಹೇಳಿರಿ. ‘ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬೇಡ’ ಎಂಬ ಬುದ್ಧಿವಾದವು ಸರಿಯೇ. ಆದರೆ ದೊಡ್ಡವರ ಮಾತು ಮುಗಿದ ಮೇಲೆ ಚಿಕ್ಕವರಿಗೂ ಸರದಿ ಬರಬೇಕಷ್ಟೆ.

ಎರಡು ಎಚ್ಚರಿಕೆಗಳೂ ಇವೆ. ಕಿವಿ ಸರಿಯಾಗಿ ಕೇಳಿಸದ ಮಗುವು ಸಂಕೋಚದ ಮಗುವಿನಂತೆಯೇ ತೋರುವುದುಂಟು. ಸಂದೇಹವಿದ್ದರೆ ಪರೀಕ್ಷೆ ಮಾಡಿಸಿರಿ. ಮನೆಯಲ್ಲಿ ನಿರರ್ಗಳವಾಗಿ ಮಾತನಾಡುವ ಮಗುವು ಶಾಲೆಗೆ ಸೇರಿ ತಿಂಗಳುಗಳು ಕಳೆದರೂ ಅಲ್ಲಿ ಒಂದು ಮಾತನ್ನೂ ಆಡದಿದ್ದರೆ, ಇಲ್ಲವೇ ಮೊದಲು ಮಾತನಾಡುತ್ತಿದ್ದ ಮಗುವು ಥಟ್ಟನೆ ಮೌನವಾದರೆ, ಗದರಿಸದೆ ಅಧ್ಯಾಪಕರೊಡನೆಯೂ ವೈದ್ಯರೊಡನೆಯೂ ಸಮಾಲೋಚಿಸಿರಿ.

ನಮ್ಮ ಮಕ್ಕಳೆಲ್ಲರೂ ವಾಗ್ಮಿಗಳಾಗಬೇಕೆಂದು ನಾವು ಬಯಸುವುದಿಲ್ಲ. ಸುಮ್ಮನಿರುವವನು ತನ್ನ ಇಚ್ಛೆಯಿಂದ ಸುಮ್ಮನಿರಲಿ, ಅಂಜಿಕೆಯಿಂದಲ್ಲ. ತನಗಾಗಲಿ ಇತರರಿಗಾಗಲಿ ಅನ್ಯಾಯವಾಗುವಾಗ, ಅರ್ಥವಾಗದುದನ್ನು ಅರಿಯಬೇಕಾದಾಗ, ತಿಳಿದ ಸತ್ಯವು ಇನ್ನೊಬ್ಬನ ನೋವನ್ನು ತಡೆಯಬಲ್ಲುದಾದಾಗ, ಆ ಮಿತಭಾಷಿಯ ಬಾಯಿಂದ ಬರಬೇಕಾದ ಎರಡು ಮಾತು ಬರಲಿ. ಅಷ್ಟಾದರೆ ಈ ಪಾಠವು ಸಾರ್ಥಕ.

ಅಭ್ಯಾಸ ಪ್ರಶ್ನೆಗಳು

1. ಮೌನದ ಮೂರು ಬಗೆಗಳಾವುವು? ನಿಮ್ಮ ಅನುಭವದಿಂದ ಒಂದೊಂದಕ್ಕೆ ಉದಾಹರಣೆ ಕೊಡಿರಿ.

2. ಮುಂಬಯಿಯ ನ್ಯಾಯಾಲಯದಲ್ಲಿ ಮಾತು ಬಾರದ ಗಾಂಧಿಯವರಿಗೆ ಪ್ರಿಟೋರಿಯದಲ್ಲಿ ಮಾತು ಬಂದುದೇಕೆ?

3. ವಿಕರ್ಣನು ತನ್ನ ಅಭಿಪ್ರಾಯಕ್ಕೆ ಕೊಟ್ಟ ಕಾರಣಗಳನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.

4. ನಿಮ್ಮ ಊರಿನಲ್ಲಿ ಆಗಬೇಕಾದ ಒಂದು ಕೆಲಸದ ವಿಷಯವಾಗಿ ಪಂಚಾಯತಿಗೆ ಕನ್ನಡದಲ್ಲಿ ಅರ್ಜಿ ಬರೆದು, ಮನೆಯವರ ಮುಂದೆ ಗಟ್ಟಿಯಾಗಿ ಓದಿರಿ.